ಹಂಡೆಯೊಳಗಿದ್ದ ಬಿಸಿನೀರು

ಅವಳ ಬಲಗೈಯ ತೋರುಬೆರಳು, ನಡುಬೆರಳು ಎರಡೂ ಅಂಗೈ ಕಡೆಗೆ ಬಾಗಿ ಹಾಗೇ ನಿಂತುಬಿಟ್ಟಿದ್ದವು. ಎಲೆಗೆ ಸುಣ್ಣ ಹಚ್ಚಬೇಕಾದರೆ ಕಿರುಬೆರಳು ಬಳಸುತ್ತಿದ್ದಳು. ರೊಟ್ಟಿ ಮುರಿಯುವುದು, ಸೆರಗು ಸಿಕ್ಕಿಸುವುದು, ಬಾಗಿಲ ಚಿಲಕ ತೆಗೆಯುವುದು ಎಲ್ಲವೂ ಎಡಗೈಯಲ್ಲೇ. ಹೊಸಬರು ಕಂಡರೆ ಹುಟ್ಟಿನಿಂದಲೇ ಹೀಗೆ ಎಂದುಕೊಳ್ಳುತ್ತಿದ್ದರು. ಹುಟ್ಟಿನಿಂದ ಬಂದದ್ದಲ್ಲ. ಆ ಬೆರಳುಗಳು ನೆಟ್ಟಗಿದ್ದಾಗ ಹೇಗಿದ್ದವು ಎಂಬುದು ನನಗೆ ಗೊತ್ತಿದೆ. ನನ್ನ ಮೊದಲ ಎರಡು ಕೂಸುಗಳನ್ನು ಈ ಲೋಕಕ್ಕೆ ಬರಮಾಡಿಕೊಂಡದ್ದು ಅವೇ. ಅವು ಬಾಗುವ ಹಾಗೆ ಮಾಡಿದವಳೂ ನಾನೇ.

ನನ್ನ ಗಂಡನ ಊರಾದ ಸಗರದ ಸೂಲಗಿತ್ತಿ ಅವಳು. ಊರೆಲ್ಲ ಆಯಿ ಎಂದು ಕರೆಯುತ್ತಿತ್ತು, ಅವಳಿಗಿಂತ ನಾಲ್ಕು ವರ್ಷ ಹಿರಿಯರಾದವರೂ ಆಯಿ ಎನ್ನುತ್ತಿದ್ದರು. ನಿಜಾಮರ ಸರಕಾರದ ಕೊನೆಗಾಲ ಅದು. ಶಹಾಪುರದಲ್ಲಿ ದವಾಖಾನೆ ಇತ್ತು, ಆದರೆ ಹೆರಿಗೆಗೆಂದು ಅಲ್ಲಿಗೆ ಹೋಗುವ ರೂಢಿ ನಮ್ಮ ಕಡೆ ಯಾರಿಗೂ ಇರಲಿಲ್ಲ. ಅಲ್ಲಿನ ಪೊಲೀಸ್ ಅಧಿಕಾರಿ ಅಮೀನ ಸಾಹೇಬರ ಮನೆಯಿಂದಲೂ ಆಯಿಗೇ ಬಂಡಿ ಬರುತ್ತಿತ್ತು. ಎತ್ತರದ ಹೆಂಗಸು, ಒಣಕಲು ಮೈ, ಕಂಚಿನ ಗಂಟಲು. ಗಂಡ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಅದರ ಬಗ್ಗೆ ಯಾರಾದರೂ ಅಯ್ಯೋ ಎಂದರೆ ಅವರ ಕಡೆ ಒಂದು ಸಲ ನೋಡಿ ಎಲೆ ಅಡಿಕೆಯ ಚಂಚಿ ಬಿಚ್ಚುತ್ತಿದ್ದಳು, ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಯಾವ ಮನೆಗೆ ಹೋದರೂ ಆಯಿ ಮೊದಲು ಹೆರುವವಳ ಮುಖ ನೋಡುತ್ತಿರಲಿಲ್ಲ. ಹೊಸ್ತಿಲಲ್ಲೇ ನಿಂತು, "ನೀರು ಇಟ್ಟೀರೇನು?" ಎಂದು ಕೇಳುತ್ತಿದ್ದಳು. ಒಲೆಯ ಮೇಲೆ ಹಂಡೆ ಇಲ್ಲವೆಂದರೆ ಒಳಗೆ ಕಾಲಿಡದೆ ನಿಂತಲ್ಲೇ ಮನೆಯವರ ಹಿಂದು ಮುಂದೆಲ್ಲ ಜಾಲಾಡಿಬಿಡುವಳು. ಬೇನೆ ತಿನ್ನುವ ಹೆಂಗಸು ಬಾಯಿಗೆ ಸೆರಗು ತುರುಕಿಕೊಂಡರೆ ಆ ಸೆರಗು ಕಿತ್ತೆಸೆದು, "ಕೂಗು, ಯಾರಿಗೆ ಅಂಜ್ತೀ? ಕೂಗಿದ್ರ ಅರ್ಧ ಬೇನಿ ಹೊರಗ ಹೋಗತೈತಿ" ಎನ್ನುತ್ತಿದ್ದಳು. ನಾನು ಎರಡು ಸಲ ಹಾಗೆ ಕೂಗಿದ್ದೇನೆ. ಅತ್ತೆಗೆ ಅದು ಮರ್ಯಾದೆಗೇಡು ಅನ್ನಿಸಿತ್ತಂತೆ, ಆಯಿಯ ಎದುರು ಹೇಳುವ ಧೈರ್ಯ ಇರಲಿಲ್ಲ.

ನನ್ನ ತವರು ಸುರಪುರದ ಆಚೆ, ಕೃಷ್ಣಾ ಹೊಳೆಯ ದಂಡೆಗೆ. ನಮ್ಮಪ್ಪ, ಅಣ್ಣ ಬಲೆ ಬೀಸಿ ಬದುಕಿದವರು. ಗಂಡನ ಮನೆಯವರೂ ನಮ್ಮ ಜಾತಿಯವರೇ, ಆದರೆ ಬಲೆ ಬಿಟ್ಟು ಎರಡು ತಲೆಮಾರು ಆಗಿತ್ತು. ಜೋಳ ತೊಗರಿ ಬಿತ್ತಿ, ನಾಲ್ಕು ಕುರಿ ಕಟ್ಟಿ ಒಕ್ಕಲುತನಕ್ಕೆ ನಿಂತಿದ್ದರು. ಅವರ ಮನೆಯಲ್ಲಿ ಮೀನೆಂದರೆ ಸಂತೆಯಿಂದ ಬರುವ ಒಣ ಮೀನು. ಜೀವಂತ ಮೀನಿನ ಗುಣ ಅವಗುಣ ಯಾರಿಗೂ ಗೊತ್ತಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಡೆದದ್ದರಲ್ಲಿ ಗೊತ್ತಿದ್ದವಳು ಆ ಮನೆಯಲ್ಲಿ ನಾನೊಬ್ಬಳೇ.

ನನ್ನ ಮೊದಲ ಕೂಸು ಒಂಬತ್ತನೇ ದಿನಕ್ಕೆ ಹೋಯಿತು. ಎದೆಯಲ್ಲಿ ಹಾಲು ಸರಿಯಾಗಿ ಇಳಿದಿರಲಿಲ್ಲ. ಅತ್ತೆ ಕೆಟ್ಟವಳೇನಲ್ಲ, ಆದರೆ ನಾಲಿಗೆ ಹರಿತ. ಈ ಸಲವೂ ಹಿಂಗಾದರೆ ಮಗನಿಗೆ ಬೇರೆ ಹುಡುಗಿ ನೋಡುತ್ತೇನೆ ಎಂದು ನನಗೆ ಕೇಳುವ ಹಾಗೆ ಓಣಿಯವರ ಮುಂದೆ ಆಡಿದ್ದಳು. ನನ್ನ ಮದುವೆಯಾದ ಹೊಸತರಲ್ಲೇ ತಾಯಿ ತೀರಿಕೊಂಡಿದ್ದಳು, ಹಾಗಾಗಿ ಮೊದಲಿನ ಹಾಗೆ ಎರಡನೇ ಹೆರಿಗೆಯೂ ಗಂಡನ ಮನೆಯಲ್ಲೇ ಆಯಿತು. ಹೆಣ್ಣು ಕೂಸು. ಮೂರನೇ ದಿನವೂ ಹಾಲು ನೆಟ್ಟಗೆ ಬರಲಿಲ್ಲ.

ನಮ್ಮ ಹೊಳೆ ದಂಡೆಯಲ್ಲಿ ಬಾಣಂತಿಗೆ ಹಾಲು ಬರಲೆಂದು ಚೇಳುಮೀನಿನ ಸಾರು ಕೊಡುತ್ತಾರೆ. ಕರ್ರಗೆ, ನುಣ್ಣಗೆ, ಮೀಸೆ ಇರುವ ಮೀನು. ಕಿವಿರಿನ ಪಕ್ಕದಲ್ಲಿ ಎರಡೂ ಕಡೆ ಒಂದೊಂದು ಮುಳ್ಳು. ಆ ಮುಳ್ಳಿನಲ್ಲಿ ನಂಜು. ನಮ್ಮವರು ಉದ್ದಕ್ಕೆ ಚೇಳುಮೀನು ಎನ್ನುವುದಿಲ್ಲ, ಬರೀ ಚೇಳು ಎನ್ನುತ್ತಾರೆ. ನೀರಿನಿಂದ ತೆಗೆದರೂ ಬೇಗ ಸಾಯುವುದಿಲ್ಲ, ಬೇಕಾದಾಗ ಬಳಸಲೆಂದು ಗಡಿಗೆಯಲ್ಲಿ ಬಿಟ್ಟಿರುತ್ತಾರೆ. ಹಾಗೆ ಬಿಟ್ಟಾಗ ಗಡಿಗೆಯ ಮುಚ್ಚಳದ ಮೇಲೆ ಒಂದು ಜಾಲಿಕೊನೆ, ಎಂದರೆ ಜಾಲಿಯ ಮುಳ್ಳಿನ ಸಣ್ಣ ಟೊಂಗೆ, ಇಡುವುದು ಪದ್ಧತಿ. ಜಾಲಿ ಇಟ್ಟ ಗಡಿಗೆಗೆ ನಮ್ಮೂರಿನ ನಾಲ್ಕು ವರ್ಷದ ಕೂಸೂ ಕೈ ಹಾಕುವುದಿಲ್ಲ.

ಆಯಿಗೆ ಮೀನಿನ ಮಾತು ಎತ್ತಿ ನೋಡಿದೆ. ಹನ್ನೊಂದು ದಿನ ತುಂಬುವವರೆಗೆ ಮೀನು ಮಾಂಸ ಏನೂ ಬೇಡ, ಸಬ್ಬಸಗಿ ಪಲ್ಲೆ ತಿನ್ನು, ಹಾಲು ತಾನಾಗಿ ಬರುತ್ತದೆ ಎಂದಳು. ಅತ್ತೆಯೂ ಹೂಂಗುಟ್ಟಿದಳು. ನನಗೆ ಇಬ್ಬರ ಮೇಲೂ ನಂಬಿಕೆ ಬರಲಿಲ್ಲ. ಸುರಪುರದ ಸಂತೆಗೆ ಹೋಗುವವರ ಕೈಯಲ್ಲಿ ಅಣ್ಣನಿಗೆ ಗುಟ್ಟಾಗಿ ಹೇಳಿ ಕಳಿಸಿದೆ.

ನಾಲ್ಕನೇ ದಿನ ಮಧ್ಯಾಹ್ನ ಅಣ್ಣ ಬಂದ, ಕೂಸು ನೋಡುವ ನೆಪದಲ್ಲಿ. ಅತ್ತೆ ಹಿತ್ತಲಲ್ಲಿದ್ದಾಗ, "ಎರಡು ಚೇಳು ತಂದೀನಿ, ನೋಡ್ಕೋ" ಎಂದು ಮೆಲ್ಲಗೆ ಹೇಳಿ, ಬಚ್ಚಲ ಮೂಲೆಯಲ್ಲಿ ಯಾರೂ ಬಳಸದೆ ಇದ್ದ ಗಡಿಗೆಗೆ ಅರ್ಧ ನೀರು ಹಾಕಿ ಬಿಟ್ಟ. ರೂಢಿಯಂತೆ ಬೇಲಿಯಿಂದ ಒಂದು ಜಾಲಿಕೊನೆ ಮುರಿದು ತಂದು ಮುಚ್ಚಳದ ಮೇಲಿಟ್ಟ. ಊಟ ಮಾಡಿ ಹೋದ. ಅವನು ಅತ್ತ ಹೋದ ಮೇಲೆ ನಾನು ಮೆಲ್ಲಗೆ ಎದ್ದು ಆ ಜಾಲಿಕೊನೆಯನ್ನು ತೆಗೆದು ಹಿತ್ತಲಿಗೆ ಎಸೆದೆ. ಅತ್ತೆ ಕಂಡರೆ ಬಚ್ಚಲಿನಲ್ಲಿ ಮುಳ್ಳೇಕೆ ಎಂದು ಕೇಳುತ್ತಾಳಲ್ಲ ಎಂಬ ಅಂಜಿಕೆ. ನಾಳೆ ಅತ್ತೆ ಹೊಲಕ್ಕೆ ಬುತ್ತಿ ಒಯ್ದಾಗ ಸಾರು ಮಾಡಿಕೊಂಡರಾಯಿತು ಎಂದು ಲೆಕ್ಕ ಹಾಕಿದ್ದೆ.

ಮರುದಿನ ಐದೇಶಿ, ಬಾಣಂತಿಗೆ ಐದನೇ ದಿನದ ನೀರು. ಮುಂಜಾನೆ ಆಯಿ ಬಂದಳು. ಎಂದಿನ ಹಾಗೆ ಹೊಸ್ತಿಲಲ್ಲಿ ನಿಂತು, ನೀರು ಇಟ್ಟೀರೇನು ಎಂದಳು. ಹಂಡೆ ತುಂಬ ನೀರು ಕುದಿಯುತ್ತಿತ್ತು. ಹದ ಮಾಡಲು ತಣ್ಣೀರು ಬೇಕು. ದಿನಾ ಬಳಸುವ ಕೊಡ ಬರಿದಾಗಿ, ಅತ್ತೆ ಬಾವಿಗೆ ಹೋಗಿದ್ದಳು. ಆಯಿ ಮೂಲೆಯ ಗಡಿಗೆಯ ಮುಚ್ಚಳ ತೆಗೆದಳು. ನಾನು ಕೋಣೆಯ ಬಾಗಿಲಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತ ಕೂತಿದ್ದೆ. ಮುಚ್ಚಳ ತೆಗೆದದ್ದು ಕಂಡಿತು. ತಂಬಿಗೆ ಹಿಡಿದ ಕೈ ಒಳಗೆ ಇಳಿದದ್ದೂ ಕಂಡಿತು. ಬೇಡ ಎನ್ನಲು ಬಾಯಿ ತೆರೆದೆ. ಯಾಕೆ ಬೇಡ ಎಂದು ಕೇಳಿದರೆ ಏನು ಹೇಳಲಿ ಎಂದು ಯೋಚಿಸಿದೆ. ಆ ಯೋಚನೆ ಮುಗಿಯುವುದರೊಳಗೆ ಎಲ್ಲ ಆಗಿಹೋಯಿತು.

ಊರ ಹೆಂಗಸರಿಗೆಲ್ಲ ಕೂಗು ಎನ್ನುತ್ತಿದ್ದ ಆಯಿ ತಾನು ಕೂಗಲಿಲ್ಲ. ತಂಬಿಗೆ ಗಡಿಗೆಯೊಳಗೆ ಬಿದ್ದ ಸದ್ದು ಬಂತು. ಅವಳು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಗೋಡೆಗೆ ಒರಗಿ ಕೂತಳು. ಎರಡು ಬೆರಳಿನಿಂದ ರಕ್ತ ಸಣ್ಣಗೆ ಹರಿಯುತ್ತಿತ್ತು, ಹಣೆಯ ಮೇಲೆ ಬೆವರು ಒಡೆದಿತ್ತು.

"ಏನಿತ್ತವ್ವಾ ಗಡಿಗ್ಯಾಗ?" ಎಂದಳು.

ಅಷ್ಟರಲ್ಲಿ ಅತ್ತೆ ಕೊಡ ಹೊತ್ತುಕೊಂಡು ಬಾಗಿಲಿಗೆ ಬಂದಿದ್ದಳು. ನಾನು ಅತ್ತೆಯ ಮುಖ ನೋಡಿ, "ಚೇಳು" ಎಂದೆ.

ನಮ್ಮೂರಿನ ಮಾತಿನಲ್ಲಿ ಅದು ಸುಳ್ಳಲ್ಲ. ಎಷ್ಟೋ ವರ್ಷ ಆ ಒಂದು ಮಾತನ್ನು ಹಿಡಿದುಕೊಂಡು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಸಗರದಲ್ಲಿ ಚೇಳು ಎಂದರೆ ಕಲ್ಲಿನ ಕೆಳಗೆ ಇರುವ ಚೇಳು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಅತ್ತೆ ಕೊಡ ಇಳಿಸಿ ಚೇಳಿನ ವಿಷ ಇಳಿಸುವವನನ್ನು ಕರೆತರಲು ಓಡಿದಳು. ಅವಳು ಬರುವುದರೊಳಗೆ ನಾನು ಗಡಿಗೆಯನ್ನು ಮೋರಿಗೆ ಬಗ್ಗಿಸಿದೆ. ಎರಡು ಮೀನೂ ಮೋರಿಯ ನೀರಿನ ಜೊತೆ ಹಿತ್ತಲ ತಗ್ಗಿಗೆ ಜಾರಿಹೋದವು. ಆಯಿ ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿಕೊಂಡಿದ್ದಳು. ನೋಡಲಿಲ್ಲ ಎಂದುಕೊಂಡೆ.

ಚೇಳು ಇಳಿಸುವವನು ಬಂದು ಮುಂಗೈಗೆ ಹಗ್ಗ ಬಿಗಿದ. ಗಾಯದ ಬಾಯಿಯನ್ನು ಚೂರಿಯಿಂದ ಹಿಗ್ಗಿಸಿದ, ಬೇರು ತೇಯ್ದು ಹಚ್ಚಿದ, ಮಣಮಣ ಮಂತ್ರ ಹಾಕಿದ. ಉರಿ ಇಳಿಯಲಿಲ್ಲ, ನಂಜು ಜೋರಿದೆ ಎಂದು ಹಗ್ಗವನ್ನು ಇನ್ನೂ ಬಿಗಿದ. ಮೀನಿನ ನಂಜಿಗೆ ಹಗ್ಗವೂ ಬೇಡ, ಮಂತ್ರವೂ ಬೇಡ. ಕೈ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಕೈ ಮುಳುಗಿಸಿಡಬೇಕು, ಆರಿದ ಹಾಗೆ ಮತ್ತೆ ಬಿಸಿ ಹಾಕಬೇಕು. ತಾಸು ಒಂದೂವರೆ ತಾಸಿನಲ್ಲಿ ಉರಿ ಇಳಿಯುತ್ತದೆ. ನಮ್ಮಪ್ಪನಿಗೆ, ಅಣ್ಣನಿಗೆ ನಾನೇ ಎಷ್ಟು ಸಲ ಹಾಗೆ ಬಿಸಿನೀರು ಕೊಟ್ಟಿದ್ದೇನೋ. ಅಲ್ಲಿ, ಆಯಿ ಕೂತ ಜಾಗದಿಂದ ನಾಲ್ಕು ಹೆಜ್ಜೆ ಆಚೆ, ಒಂದು ಹಂಡೆ ನೀರು ಕುದಿಯುತ್ತಿತ್ತು. ಬಿಸಿನೀರು ಹಾಕಿರಿ ಎಂದಿದ್ದರೆ ಯಾಕೆ ಎನ್ನುತ್ತಿದ್ದರು, ಯಾಕೆ ಎಂದರೆ ಮೀನು ಎನ್ನಬೇಕಾಗುತ್ತಿತ್ತು. ಪಥ್ಯ ಮುರಿಯಲು ಹೊರಟ ಸೊಸೆ ಎಂದು ತಿಳಿದ ಮೇಲೆ ಕೂಸಿಗೆ ಒಂದು ಸೀನು ಬಂದರೂ ಅದು ನನ್ನ ತಲೆಗೇ. ಹಾಗೆ ಯೋಚಿಸಿ ಬಾಯಿ ಮುಚ್ಚಿಕೊಂಡೆ.

ಇನ್ನೊಂದು ಹೇಳಿಬಿಡುತ್ತೇನೆ. ಆ ಉರಿಯಲ್ಲೂ ಆಯಿ ಅತ್ತೆಯನ್ನು ಗದರಿಸಿ, "ನೀರು ಆರಿ ಹೋಗ್ತಾವ, ಮೊದಲ ಹುಡುಗಿಗೆ ಎರೀ" ಎಂದಳು. ಅತ್ತೆ ಎರೆದಳು. ಅವಳ ಕೈಗೆ ಬೇಕಾಗಿದ್ದ ಅಷ್ಟೂ ನೀರನ್ನು ನಾನು ನನ್ನ ಸೊಂಟದ ಮೇಲೆ, ಬೆನ್ನಿನ ಮೇಲೆ ಹಾಕಿಸಿಕೊಂಡು ಕೂತೆ. ಹಿತವಾಗಿತ್ತು. ಅದು ಹಿತವಾಗಿತ್ತು ಎಂಬುದು ಇವತ್ತಿಗೂ ನನಗೆ ನಾಚಿಕೆ.

ಏಳನೇ ದಿನ ಹಾಲು ತಾನಾಗಿ ಬಂತು, ಆಯಿ ಹೇಳಿದ ಸಬ್ಬಸಗಿ ಪಲ್ಲೆಯಿಂದಲೇ. ಕೂಸು ಉಳಿಯಿತು. ಆಯಿಯ ಕೈ ಮಾತ್ರ ಮೊಣಕೈವರೆಗೆ ಬಾತು ಕೀವು ಕಟ್ಟಿತು. ಶಹಾಪುರದ ಒಬ್ಬ ಹಕೀಮರು ಮುಲಾಮು ಕೊಟ್ಟರು. ಕೈ ಉಳಿಯಿತು, ಎರಡು ಬೆರಳು ಸೆಟೆದು ಬಾಗಿದವು. ಸೂಲಗಿತ್ತಿಗೆ ಆ ಎರಡು ಬೆರಳೇ ಕಣ್ಣು. ಕೂಸಿನ ತಲೆ ಎಲ್ಲಿದೆ, ಗರ್ಭದ ಬಾಯಿ ಎಷ್ಟು ತೆರೆದಿದೆ ಎಂದು ತಿಳಿಯುವುದು ಅವುಗಳಿಂದ. ಹಬ್ಬ ಒಂದು ಕಳೆಯುವುದರೊಳಗೆ ಸಗರದ ಹೆರಿಗೆಗಳಿಗೆ ಪಕ್ಕದ ಊರಿನ ಸೂಲಗಿತ್ತಿ ಬರತೊಡಗಿದಳು. ಆಯಿ ತನ್ನ ಗುಡಿಸಿಲ ಮುಂದೆ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ನಾನು ಆ ಓಣಿಯಲ್ಲಿ ಹೋಗುವುದನ್ನೇ ಬಿಟ್ಟೆ.

ಜೋಳದ ರಾಶಿ ಮುಗಿದ ಮೇಲೆ ಒಂದು ದಿನ ಅವಳೇ ನಮ್ಮ ಮನೆಗೆ ಬಂದಳು. ಅತ್ತೆ ಮನೆಯಲ್ಲಿ ಇರಲಿಲ್ಲ. ಕೂಸನ್ನು ಎಡಗೈಯಲ್ಲಿ ಎತ್ತಿ ಆಡಿಸಿ ಕೆಳಗಿಟ್ಟಳು. ಚಂಚಿ ಬಿಚ್ಚಿ ಒಂದು ಒಣಗಿದ ಎಲೆಯ ಮಡಿಕೆ ತೆಗೆದು ನನ್ನ ಅಂಗೈ ಮೇಲೆ ಬಿಚ್ಚಿದಳು. ಒಳಗೆ ಒಂದು ಅಕ್ಕಿಕಾಳಿನಷ್ಟು ಉದ್ದದ ಮುಳ್ಳಿನ ತುದಿ, ಅಂಚಿನಲ್ಲಿ ಗರಗಸದ ಹಾಗೆ ಸಣ್ಣ ಹಲ್ಲು.

"ನಿನ್ನೆ ಕೀವಿನ ಸಂಗಡ ಹೊರಗ ಬಂತು. ಚೇಳಿಗೆ ಎಲುಬು ಇರ್ತಾವೇನವ್ವಾ?"

ನಾನು ಅವಳ ಕಾಲು ಹಿಡಿದುಕೊಂಡೆ. ಮೀನು ತರಿಸಿದ್ದು, ಜಾಲಿಕೊನೆ ತೆಗೆದದ್ದು, ಅತ್ತೆಯ ಅಂಜಿಕೆ ಎಲ್ಲ ಹೇಳಿದೆ. ಅಳುತ್ತಾ ಅಷ್ಟೆಲ್ಲ ಹೇಳಿದವಳು ಬಿಸಿನೀರಿನ ಮಾತು ಮಾತ್ರ ಹೇಳಲಿಲ್ಲ. ಅದು ಹೇಳಿದರೆ ಉಳಿದದ್ದನ್ನು ಮನ್ನಿಸಿದವಳು ಅದನ್ನು ಮನ್ನಿಸಲಾರಳು ಎಂದು ನನಗೆ ಒಳಗೊಳಗೇ ಗೊತ್ತಿತ್ತು.

ಆಯಿ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ. ಬೆರಳು ಒಂದೊಂದಾಗಿ ಹಿಡಿದು ಬಗ್ಗಿಸಿದಳು.

"ನನ್ನವು ಹೋದುವು. ನಾಳಿಂದ ನಿನ್ನವು ಕೊಡು" ಎಂದಳು.

ಹೀಗೆ ನಾನು ಸೂಲಗಿತ್ತಿಯಾದೆ. ಕೈ ಸರಿಯಿಲ್ಲದವಳ ಜೊತೆ ಒಬ್ಬಳು ಬೇಕಲ್ಲ ಎಂದು ಆಯಿಯೇ ಅತ್ತೆಯನ್ನು ಒಪ್ಪಿಸಿದಳು. ಅವಳು ಪಕ್ಕದಲ್ಲಿ ಕೂತು ಹೇಳುತ್ತಿದ್ದಳು, ನನ್ನ ಕೈ ಮಾಡುತ್ತಿತ್ತು. ತಪ್ಪಿದರೆ ಬಾಗಿದ ಬೆರಳಿನ ಗೆಣ್ಣಿನಿಂದ ತಲೆಗೆ ಕುಟ್ಟುತ್ತಿದ್ದಳು, ಚೆನ್ನಾಗಿ ನೋಯುತ್ತಿತ್ತು. ಕರುಳ ಬಳ್ಳಿ ಸುತ್ತಿದ ಕೂಸನ್ನು ಬಿಡಿಸುವುದು, ಉಸಿರಿಲ್ಲದೆ ಬಂದದ್ದಕ್ಕೆ ಉಸಿರು ತರಿಸುವುದು, ಸತ್ತ ಕೂಸನ್ನು ತಾಯಿಗೆ ಹೇಗೆ ತೋರಿಸಬೇಕು ಎಂಬುದು, ಎಲ್ಲವನ್ನೂ ಕಲಿಸಿದಳು. ಮೊದಲು ಅಡ್ಡ ಮಾತಾಡಿದ ಓಣಿಯವರು ಎರಡು ಮೂರು ಹೆರಿಗೆ ಚೆನ್ನಾಗಿ ಆದಮೇಲೆ ಮತ್ತೆ ನಮ್ಮನ್ನೇ ಕರೆಯತೊಡಗಿದರು. ಮುಂದೆ ನಾನು ಸರಕಾರದವರ ದಾಯಿ ತರಬೇತಿಗೆ ಹೋಗಿ ಅಕ್ಷರವನ್ನೂ ಕಲಿತೆ. ಇದನ್ನು ಬರೆಯುತ್ತಿರುವುದೂ ಅವಳ ಲೆಕ್ಕಕ್ಕೇ ಸೇರಬೇಕು.

ಆದರೆ ಅವಳು ನನ್ನನ್ನು ಸುಮ್ಮನೆ ಬಿಟ್ಟಳೆಂದು ತಿಳಿಯಬೇಡಿ. ಹೊಸ ಮನೆಗೆ ಹೋದಾಗ ಯಾರಾದರೂ ಬೆರಳಿಗೆ ಏನಾಯಿತು ಎಂದು ಕೇಳಿಯೇ ಕೇಳುತ್ತಿದ್ದರು. "ಚೇಳು ಕಡೀತು. ಈಕಿ ನೋಡ್ಯಾಳ, ಕೇಳ್ರಿ ಬೇಕಾದ್ರ" ಎನ್ನುತ್ತಿದ್ದಳು. ಅವರು ನನ್ನ ಕಡೆ ತಿರುಗುತ್ತಿದ್ದರು, ನಾನು ಹೌದು ಎಂದು ಗೋಣು ಹಾಕಬೇಕು. ಶಹಾಪುರದಲ್ಲಿ ಅಮೀನ ಸಾಹೇಬರ ಬೇಗಂ ಕೇಳಿದಾಗ ಉರ್ದುವಿನಲ್ಲೂ ಅದನ್ನೇ ಹೇಳಿದಳು: "ಬಿಚ್ಚು ಕಾಟ್ಯಾ ಬೇಗಂ ಸಾಬ್, ಇನೆ ದೇಖಿ." ಅವಳಿಗೆ ಬರುತ್ತಿದ್ದ ಉರ್ದು ಅಷ್ಟೇ ಇರಬೇಕು, ಅದನ್ನು ನನಗಾಗಿಯೇ ಕಲಿತಿದ್ದಳೋ ಏನೋ. ಬೇಗಂ ಅಯ್ಯೋ ಪಾಪ ಎಂದು ನನ್ನ ಕಡೆ ನೋಡಿದಳು. ನಾನು ಗೋಣು ಹಾಕಿದೆ. ಹಿಂದಕ್ಕೆ ಬರುವಾಗ ಬಂಡಿಯಲ್ಲಿ ಆಯಿ ತನ್ನಷ್ಟಕ್ಕೆ ನಗುತ್ತಿದ್ದಳು.

ಸಗರದ ಒಬ್ಬ ಹುಡುಗಿಯನ್ನು ಬೋನಾಳಕ್ಕೆ ಕೊಟ್ಟಿದ್ದರು. ಕೆರೆಯಲ್ಲಿ ಮೀನು ಹಿಡಿಯುವವರ ಮನೆ. ಹೆರಿಗೆಗೆ ಆಯಿಯೇ ಬೇಕೆಂದು ಹಟ ಮಾಡಿ ಬಂಡಿ ಕಳಿಸಿದಳು. ಹೆರಿಗೆ ಸುಸೂತ್ರವಾಗಿ ಆಯಿತು, ಗಂಡು ಕೂಸು. ಕೂಸಿಗೆ ಎರೆಯಲು ನೀರು ಹದ ಮಾಡುತ್ತಿದ್ದೆವು. ಅಷ್ಟರಲ್ಲಿ ಆ ಹುಡುಗಿಯ ಮೈದುನ ಕೆರೆಯಿಂದ ಕೈ ಹಿಡಿದುಕೊಂಡು ಬಂದ, ಮುಖ ಬಿಳುಚಿಕೊಂಡಿತ್ತು. "ಚೇಳು ಹೊಡೀತು" ಎಂದ. ಅವನ ತಾಯಿ ಒಂದು ಮಾತೂ ಕೇಳಲಿಲ್ಲ. ನಮ್ಮ ಎದುರಿನ ಹಂಡೆಯಿಂದ ಬೋಗುಣಿಗೆ ಬಿಸಿನೀರು ಬಗ್ಗಿಸಿ ಅವನ ಕೈಯನ್ನು ಅದರಲ್ಲಿ ಅದುಮಿ ಹಿಡಿದಳು. ನಾವು ಬಾಣಂತಿಯ ಕೆಲಸ ಮುಗಿಸಿ ಊಟಕ್ಕೆ ಕೂಡುವ ಹೊತ್ತಿಗೆ ಅವನು ನಮ್ಮ ಪಕ್ಕದಲ್ಲೇ ಕೂತು ಅದೇ ಕೈಯಿಂದ ರೊಟ್ಟಿ ಮುರಿಯುತ್ತಿದ್ದ.

ಆಯಿ ಅವನ ಕೈ ನೋಡಿದಳು. ತನ್ನ ಕೈ ನೋಡಿಕೊಂಡಳು. ನನ್ನ ಕಡೆ ನೋಡಲಿಲ್ಲ. ಬೋನಾಳದಿಂದ ಸಗರದವರೆಗೆ ಬಂಡಿಯಲ್ಲಿ ಒಂದು ಸಲವೂ ಎಲೆ ಹಾಕಲಿಲ್ಲ. ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ನಾನು ಬಂಡಿಯ ಗೂಟ ಹಿಡಿದು ಕೂತಿದ್ದೆ. ಕೇಳಲಿಲ್ಲ. ಮರುದಿನ ಬೆಳಗ್ಗೆ ಎಂದಿನ ಹಾಗೆ ಬಂದು, ಶಹಾಪುರ ಹಾದಿಯ ಒಂದು ಮನೆಗೆ ಹೋಗಬೇಕು ನಡಿ ಎಂದಳು. ಅವಳಿಗೆ ಹೊಳೆದಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಬೇಕಾಗಿತ್ತು.

ನಿಜಾಮರ ಸರಕಾರ ಹೋಗಿ ಎರಡು ಮಳೆಗಾಲ ಕಳೆದಿದ್ದವು. ಆ ಚಳಿಗಾಲದಲ್ಲಿ ಆಯಿ ಹಾಸಿಗೆ ಹಿಡಿದಳು. ನಾನು ದಿನಾ ಹೋಗಿ ಗಂಜಿ ಕುಡಿಸಿ, ಮೈ ಒರೆಸಿ ಬರುತ್ತಿದ್ದೆ. ಚಳಿ ಬಿದ್ದರೆ ಆ ಎರಡು ಬೆರಳು ನೋಯುತ್ತವೆ ಎಂದು ನರಳುತ್ತಿದ್ದಳು. ಒಂದು ಮಧ್ಯಾಹ್ನ ಬೋಗುಣಿಯಲ್ಲಿ ಬಿಸಿನೀರು ತಂದು ಅವಳ ಬಲಗೈಯನ್ನು ಅದರಲ್ಲಿ ಇಳಿಸಿದೆ. ಮುಖದ ಗಂಟು ಸಡಿಲವಾಯಿತು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಬಂತು ಎಂದುಕೊಂಡೆ.

"ಅವತ್ತ ಹಂಡ್ಯಾಗ ಇದಕ್ಕಿಂತ ಹೆಚ್ಚು ನೀರಿದ್ದುವು" ಎಂದಳು.

ನಾನು ಬೋಗುಣಿಯ ಅಂಚು ಹಿಡಿದು ಕೂತೆ.

"ನಿನಗ ಗೊತ್ತಿತ್ತೇನು?"

ಇನ್ನೊಮ್ಮೆ ಸುಳ್ಳು ಹೇಳಲು ಜಾಗವಿತ್ತು. ಕಣ್ಣು ಮುಚ್ಚಿದ್ದ ಮುದುಕಿ, ಇಲ್ಲ ಎಂದಿದ್ದರೆ ನಂಬಿ ಹೋಗುತ್ತಿದ್ದಳೇನೋ. ನನ್ನ ಬಾಯಲ್ಲಿ ಅದು ಬರಲಿಲ್ಲ.

"ಗೊತ್ತಿತ್ತು, ಆಯಿ."

ಹೊರಗೆ ಯಾರದೋ ಕುರಿಗಳು ಹೋದವು, ಅವುಗಳ ಸದ್ದು ಓಣಿ ದಾಟುವವರೆಗೆ ಕೇಳಿಸಿತು.

"ಸಿಟ್ಟಿಲ್ಲ ಅಂತ ತಿಳೀಬ್ಯಾಡ. ಸಿಟ್ಟೈತಿ" ಎಂದಳು. ಆಮೇಲೆ ಕೈಯನ್ನು ನೀರಿನೊಳಗೆ ಸ್ವಲ್ಪ ಅಲ್ಲಾಡಿಸಿ, "ಇವು ಆರ್ಯಾವ. ಇನ್ನೊಂದೀಟು ಬಿಸಿ ಹಾಕು" ಎಂದಳು.

ಹಾಕಿದೆ. ಆರಿದ ಹಾಗೆ ಮತ್ತೆ ಕಾಯಿಸಿ ತಂದು ಹಾಕಿದೆ. ಹೊತ್ತು ಮುಳುಗುವವರೆಗೆ ಅವಳು ಸಾಕು ಎನ್ನಲಿಲ್ಲ, ನಾನೂ ನಿಲ್ಲಿಸಲಿಲ್ಲ.

ಮೂರನೆಯ ದಿನ ಮುಂಜಾನೆ ಹೋದಳು. ಕೊನೆಯ ನೀರು ಎರೆಯಲು ಓಣಿಯ ಹೆಂಗಸರೆಲ್ಲ ಬಂದಿದ್ದರು. ನಾನು ಒಲೆಗೆ ಬೆಂಕಿ ಹಚ್ಚುತ್ತಿದ್ದುದನ್ನು ಕಂಡು ಒಬ್ಬಳು, ಸತ್ತವರಿಗೆ ಇಷ್ಟು ಬಿಸಿ ಯಾಕವ್ವಾ ಎಂದಳು. ಯಾಕೆ ಎಂಬುದನ್ನು ನಾನು ಹೇಳಿದೆ. ಜಾಲಿಕೊನೆಯಿಂದ ಹಿಡಿದು ಹಂಡೆಯವರೆಗೆ, ಅತ್ತೆಯ ಎದುರಿಗೇ, ಎಲ್ಲ ಹೇಳಿದೆ. ಅವಳ ಬಲಗೈಯನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು ಆ ನೀರು ಹಾಕಿದೆ. ಬೆರಳುಗಳು ಬಾಗಿದ ಹಾಗೆಯೇ ಇದ್ದವು.